ಸಾವಕ್ಕನ ರೊಟ್ಟಿ, ನನ್ನ ಬೆನ್ನು

ಜಡ್ಡಿನ ವಿಷಯದಲ್ಲಿ ನಾನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ಜ್ವರ ಬಂದರೆ ಜ್ವರ, ನೆಗಡಿ ಬಂದರೆ ನೆಗಡಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಕಷಾಯ ಕುಡಿಯುವುದು, ಎದ್ದು ಕೆಲಸಕ್ಕೆ ಹತ್ತುವುದು. ಮೂರನೇ ಇಯತ್ತೆ ಕಲಿತವಳಿಗೆ ಇದಕ್ಕಿಂತ ಹೆಚ್ಚಿನ ವೈದ್ಯಶಾಸ್ತ್ರ ಬೇಕಾಗಿಲ್ಲ. ಆದ್ದರಿಂದ ಗಂಗವ್ವನಿಗೆ ಬೆನ್ನು ನೋಯುತ್ತಿದೆ ಎಂದರೆ ಬೆನ್ನಿನಲ್ಲೇ ಏನೋ ಕೆಟ್ಟಿದೆ ಎಂದು ಬೇಡಕಿಹಾಳದ ನಮ್ಮ ಓಣಿ ಪೂರ್ತಿ ನಂಬಿತ್ತು. ಓಣಿಗಿಂತ ಹೆಚ್ಚು ನಾನು ನಂಬಿದ್ದೆ.

ನನ್ನ ಬೆನ್ನು ಬರೀ ಬೆನ್ನಲ್ಲ, ಅದು ನನ್ನ ಹುದ್ದೆ. ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವಳು ನಾನು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಉದ್ದಕ್ಕೆ ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯಬೇಕು. ಕಾಲು ನೆಟ್ಟಗಿರಬೇಕು, ಬೆನ್ನು ಮಾತ್ರ ಬಗ್ಗಬೇಕು, ಏಳಬೇಕು, ಮತ್ತೆ ಬಗ್ಗಬೇಕು. ನಮ್ಮ ಓಣಿಯ ಹುಡುಗನೊಬ್ಬ ಈಗ ಪೊಲೀಸ್ ಆಗಿದ್ದಾನೆ. ಅವನಿಗೂ ನಾನೇ ಎರೆದದ್ದು, ಅವನ ಚಪ್ಪಟೆ ಮೂಗು ನೀವಿ ನೀವಿ ನೆಟ್ಟಗೆ ಮಾಡಿದ್ದೂ ನಾನೇ. ಎದುರಿಗೆ ಸಿಕ್ಕರೆ ಸೆಲ್ಯೂಟ್ ಹೊಡೆಯುವುದಿಲ್ಲ, ಆದರೆ ಮೂಗು ಮುಟ್ಟಿಕೊಳ್ಳುತ್ತಾನೆ. ಅಷ್ಟು ಸಾಕು.

ಅಂಥ ಬೆನ್ನು ಏಳು ವರ್ಷಗಳಿಂದ ಕೈಕೊಟ್ಟಿತ್ತು. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಈಚೆಗೆ ದಿನಾ ಬರತೊಡಗಿತ್ತು. ಅದೇ ಹೊತ್ತಿಗೆ ಐನಾಪುರಕ್ಕೆ ಕೊಟ್ಟಿದ್ದ ನನ್ನ ಮೊಮ್ಮಗಳು ಅಶ್ವಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ, ಅಂದರೆ ನಮ್ಮ ಮನೆಗೆ ಬರುವವಳಿದ್ದಳು. ನಾನು ನೋಡುವ ಮೊದಲ ಮರಿಮಗು. ಉಳಿದದ್ದು ಮೂರು ತಿಂಗಳು. ಅಷ್ಟರಲ್ಲಿ ಬೆನ್ನು ನೆಟ್ಟಗಾಗದಿದ್ದರೆ?

ಸೊಸೆ ಶೋಭಾ ಒಂದು ದಿನ ಕಾಳು ಹಸನು ಮಾಡುತ್ತ ತಣ್ಣಗೆ ಹೇಳಿದಳು, "ಅತ್ತಿ, ನಿಮಗ ಆಗಂಗಿಲ್ಲ ಅಂದ್ರ ಬಾಜೂ ಮನಿ ಸಾವಕ್ಕತ್ತಿನ್ನ ಕೇಳೂಣಂತ. ಅವರ ಬೆನ್ನು ಇನ್ನೂ ಗಟ್ಟಿ ಐತಿ."

ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಬೆನ್ನಿನಲ್ಲಿ ಯಾರೋ ಕುಡುಗೋಲು ಹಾಕಿ ಎಳೆದ ಹಾಗಾಯಿತು!

ಸಾವಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಅಡಿಗೆಮನೆಗೂ ಅವಳ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಅವಳೊಂದಿಗೆ ನಾನು ಮಾತು ಬಿಟ್ಟು ಏಳು ವರ್ಷವಾಗಿತ್ತು. ಕಾರಣ ಸಣ್ಣದಲ್ಲ. ಏಳು ವರ್ಷದ ಹಿಂದೆ ಅವಳ ಮಗಳು ರಾಯಬಾಗದಿಂದ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಎರೆಯಲು ಸಾವಕ್ಕ ನನ್ನನ್ನು ಕರೆಯಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿದ್ದ ನನ್ನನ್ನು ಬಿಟ್ಟು, ಏಕಸಂಬಿಯಿಂದ ಯಾರೋ ಒಬ್ಬಳನ್ನು ಕರೆಸಿದಳು! ಆಕೆ ಬರುವುದೂ ಹೋಗುವುದೂ ನನ್ನ ಬಾಗಿಲ ಮುಂದೆಯೇ. ಕೇಳಿದವರಿಗೆ ಏನು ಹೇಳಲಿ? ನಾನು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಬಾಯಿ ಮುಚ್ಚಿದೆ. ಅಂದು ಮುಚ್ಚಿದ್ದು ಮುಚ್ಚಿಯೇ ಇತ್ತು.

ಶೋಭಾಳ ಮಾತು ಕೇಳಿದ ದಿನವೇ ನಾನು ಬೆನ್ನಿನ ದುರಸ್ತಿ ಕಾರ್ಯಕ್ಕೆ ಇಳಿದೆ.

ಮೊದಲನೆಯದು ಹಲಗೆ. ಬೆನ್ನು ನೋವಿಗೆ ಗಾದಿ ಶತ್ರು, ಕಟ್ಟಿಗೆ ಮಿತ್ರ ಎಂದು ಯಾರೋ ಹೇಳಿದ್ದರು. ಮನೆಯಲ್ಲಿ ನನ್ನಷ್ಟು ಉದ್ದದ ಹಲಗೆ ಎಂದರೆ ಆಡಿನ ಕೊಟ್ಟಿಗೆಯ ಬಾಗಿಲು ಒಂದೇ. ಇವರಿಗೆ, ಅಂದರೆ ನನ್ನ ಯಜಮಾನರಿಗೆ, ಅದನ್ನು ಬಿಚ್ಚಿ ತರಲು ಹೇಳಿದೆ.

"ಆಡು ಹೊರಗ ಬಂದ್ರ?" ಎಂದರು.

"ಆಡಿಗೇನ್ ಗೊತ್ತಾಕ್ಕೈತ್ರಿ ಬಾಗಿಲಾ ಇಲ್ಲಂತ? ಮುಂದ ಒಂದು ಚೀಲಾ ಇಳೇ ಬಿಡ್ರಿ."

ಆಡುಗಳಿಗೆ ಗೊತ್ತಾಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ಎದುರು ಮನೆಯವರ ಮೆಂತ್ಯದ ಮಡಿ ಬೋಳಾಗಿತ್ತು. ಎದುರು ಮನೆಯಾಕೆ ಬೈಯುತ್ತ ಬಂದಳು. ಎದ್ದು ಉತ್ತರ ಕೊಡೋಣವೆಂದರೆ ನನಗೆ ಬಾಗಿಲ ಮೇಲಿಂದ ಏಳಲು ಆಗಲಿಲ್ಲ. ಮಲಗಿಯೇ ಬೈಸಿಕೊಂಡೆ. ಇವರು ಬಾಗಿಲನ್ನು, ಅದರ ಮೇಲಿದ್ದ ನನ್ನನ್ನೂ ಸೇರಿಸಿ ಎತ್ತಿ ನಿಲ್ಲಿಸಬೇಕಾಯಿತು!

ಎರಡನೆಯದು ಎಣ್ಣೆ. ಹರಳೆಣ್ಣೆಗೆ ಬೆಳ್ಳುಳ್ಳಿ, ಓಮ, ಎಕ್ಕೆ ಎಲೆ ಹಾಕಿ ಕುದಿಸಿದೆ. ಅದಕ್ಕೆ ಒಂದು ಹಿಡಿ ಮೆಣಸಿನಕಾಯಿ ಬೀಜವನ್ನೂ ಹಾಕಿದೆ. ಅದು ನನ್ನ ಸ್ವಂತ ಬುದ್ಧಿ. ಹಚ್ಚಿದ ಮೂರನೇ ದಿನಕ್ಕೆ ನೋವು ಮಾಯ! ನನಗೇ ನಂಬಿಕೆ ಬರಲಿಲ್ಲ. ಬಗ್ಗಿದೆ, ಎದ್ದೆ, ಬಾವಿಯಿಂದ ನೀರು ಸೇದಿದೆ. ಒಂದು ವಾರ ಕಳೆಯಿತು, ಎರಡನೇ ವಾರವೂ ನಡೆಯಿತು, ಚಳಕು ಇಲ್ಲ. ಓಣಿಗೆಲ್ಲ ಬಾಟಲಿಯಲ್ಲಿ ತುಂಬಿ ಹಂಚಿದೆ. ಮೊದಲ ಬಾಟಲಿ ಸೊಂಟನೋವಿನ ಮುಮ್ತಾಜಬಿಗೆ. ಅವಳು ಹಚ್ಚಿಕೊಂಡ ಅರ್ಧ ಗಂಟೆಗೆ ಅವಳ ಕೂಗು ಹೈಸ್ಕೂಲಿನ ತನಕ ಕೇಳಿತಂತೆ.

"ಗಂಗಕ್ಕಾ, ಇದೇನು ಎಣ್ಣಿಯೋ, ಒಗ್ಗರಣಿಯೋ?" ಎಂದು ಸೊಂಟಕ್ಕೆ ಮೊಸರು ಮೆತ್ತಿಕೊಂಡು ಬಂದು ಕೇಳಿದಳು.

"ನನಗ ಗುಣಾ ಆಗೇತಲ್ಲಬೇ! ನಿನ್ನ ಚರ್ಮನಽ ನಾಜೂಕು," ಎಂದು ಅವಳ ಮೇಲೆಯೇ ಹಾಕಿದೆ.

ಹಾಗೆನ್ನುವಾಗಲೇ ಓಣಿಯ ತುದಿಯಲ್ಲಿ ಬಸ್ಸು ನಿಂತಿತು. ಸಾವಕ್ಕ ಇಳಿದಳು. ಹದಿನೈದು ದಿನ ರಾಯಬಾಗದ ಮಗಳ ಮನೆಯಲ್ಲಿದ್ದು ಬಂದಿದ್ದಳು. ತಲೆಯ ಮೇಲೆ ಗಂಟು, ಬೆನ್ನು ಕಂಬದ ಹಾಗೆ ನೆಟ್ಟಗೆ. ನನ್ನತ್ತ ನೋಡದೆ ತನ್ನ ಬಾಗಿಲು ತೆರೆದು ಒಳಗೆ ಹೋದಳು. ನಾನು ಎಣ್ಣೆಯ ಬಾಟಲಿ ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದಲ್ಲೇ ಉಳಿದೆ. ಹಿಡಿದುಬಿಟ್ಟಿತ್ತು!

ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕುಳಿತಿದ್ದ ಇವರು ಸಾವಕ್ಕನ ಬಾಗಿಲು ನೋಡಿದರು, ನನ್ನನ್ನು ನೋಡಿದರು. "ಎಣ್ಣಿ ಬರೋಬರಿ ಹದಿನೈದು ದಿನ ಕೆಲಸಾ ಮಾಡ್ತು ನೋಡು," ಎಂದರು.

"ಏನು ಹೇಳಾಕತ್ತೀರಿ?"

"ಏನಿಲ್ಲ. ಎಣ್ಣಿ ಬಗ್ಗೆ ಹೇಳಿದೆ."

ಆಗ ನನಗೆ ಅವರ ಮಾತಿನ ಅರ್ಥ ಆಗಲಿಲ್ಲ. ಆಗಿದ್ದರೂ ಆಗಲಿಲ್ಲ ಎಂದೇ ಬರೆಯುತ್ತಿದ್ದೆ.

ಇನ್ನು ಉಳಿದದ್ದು ಒದೆತ. ಕಾಲು ಮುಂದಾಗಿ ಹುಟ್ಟಿದವರಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಪಾಯಾಳು ಮೂರು ಸಲ ಒದ್ದರೆ ಎಂಥ ಬೆನ್ನು ಹಿಡಿದದ್ದೂ ಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಷ್ಟವೇನೆಂದರೆ ನಮ್ಮ ಊರಿನಲ್ಲಿದ್ದ ಒಬ್ಬಳೇ ಪಾಯಾಳು ಸಾವಕ್ಕ! ಹೊಸ ಸೊಸೆಯಾಗಿ ಬಂದಾಗಲೇ ನಮ್ಮ ಅತ್ತೆಯ ಬೆನ್ನಿಗೆ ಪಾದ ಮುಟ್ಟಿಸಿ ಗುಣ ಮಾಡಿದವಳು. ಐವತ್ತು ವರ್ಷದಿಂದ ಅವಳ ಅಂಗಳಕ್ಕೆ ಮಂದಿ ಕುಂಟುತ್ತ ಬಂದು ನೆಟ್ಟಗೆ ನಡೆದುಕೊಂಡು ಹೋಗುತ್ತಿದ್ದರು. ನಾನು ಅವಳ ಮುಂದೆ ಬಗ್ಗುವುದೇ? ಅದೂ ಒದೆಸಿಕೊಳ್ಳಲು? ಸತ್ತರೂ ಇಲ್ಲ.

ಏಕಸಂಬಿಯಲ್ಲಿ ಒಬ್ಬ ಮುದುಕ ಪಾಯಾಳು ಇದ್ದಾನೆಂದು ಗೊತ್ತಾಯಿತು. ಬಾಜೂ ಮನೆಯ ಕಾಲನ್ನು ಬಿಟ್ಟು ಪರಊರಿನ ಕಾಲಿಗಾಗಿ ನಾನು ಇವರನ್ನು ಕರೆದುಕೊಂಡು ಬಸ್ಸು ಹತ್ತಿದೆ. ಮುದುಕನಿಗೆ ನನಗಿಂತ ಹತ್ತು ವರ್ಷ ಹೆಚ್ಚು. ಕೈಯಲ್ಲಿ ಕೋಲು. "ತಿರುಗಿ ನಿಲ್ಲ್ರಿ ತಂಗಿ," ಎಂದ. ತಿರುಗಿ, ಗೋಡೆ ಹಿಡಿದು, ಕಣ್ಣು ಮುಚ್ಚಿ ನಿಂತೆ. ಒದೆತ ಬರಲಿಲ್ಲ. "ಅಯ್ಯಯ್ಯೋ!" ಎಂಬ ಕೂಗು ಬಂತು. ತಿರುಗಿ ನೋಡಿದರೆ ಎತ್ತಿದ ಕಾಲು ಎತ್ತಿದಂತೆಯೇ ಅವನ ಮೊಣಕಾಲು ಹಿಡಿದುಕೊಂಡಿತ್ತು. ಅವನು ಕೋಲು ಬಿಟ್ಟು ನನ್ನ ಹೆಗಲು ಹಿಡಿದ. ಅವನ ಭಾರಕ್ಕೆ ನಾನು ಕುಸಿದೆ. ನನ್ನ ಮೇಲೆ ಅವನು! ಇವರೂ ಅವನ ಇಬ್ಬರು ಮಕ್ಕಳೂ ಸೇರಿ ನಮ್ಮನ್ನು ಬಿಡಿಸಿ ಎಬ್ಬಿಸಿದರು.

"ಎಪ್ಪತ್ತೈದು ವರ್ಷದ ಮನಶ್ಯಾನ್ನ ಲಗಾಡಿ ತಗದ್ರಲ್ಲರಿ ಯವ್ವಾ!" ಎಂದು ಹಿರಿಯ ಮಗ ಕೈಮುಗಿದು ನಮ್ಮನ್ನು ಕಳಿಸಿಕೊಟ್ಟ.

ಬಸ್ಸಿನಲ್ಲಿ ಇವರು ಊರು ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ಭುಜ ಮಾತ್ರ ಅಲುಗುತ್ತಿತ್ತು. ನಗುತ್ತಿದ್ದಾರೆಂದು ಗೊತ್ತು.

ಕೊನೆಗೆ ಮಗ ಹಟ ಹಿಡಿದು ಮಿರಜಕ್ಕೆ ಕಳಿಸಿದ. ನಮ್ಮ ಕಡೆಯವರಿಗೆ ಮಿರಜದ ಡಾಕ್ಟರೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನನ್ನನ್ನು ನೋಡಿದವನಿಗೆ ಕಣ್ಣಿಗೆ ಕನ್ನಡಕ, ಸಣ್ಣ ವಯಸ್ಸು, ಕನ್ನಡ ಚಂದ ಮಾತಾಡುತ್ತಿದ್ದ. ಫೋಟೋ ತೆಗೆಸಿದ. ನನ್ನ ಎಲುಬುಗಳನ್ನು ದೀಪದ ಮುಂದೆ ಹಿಡಿದು ಬಹಳ ಹೊತ್ತು ನೋಡಿದ.

"ಆಜಿ, ವಯಸ್ಸಿಗೆ ತಕ್ಕಷ್ಟು ಸವದೈತಿ, ಅಷ್ಟಽ. ಇಷ್ಟು ನೋವು ಬರುವಂಥಾದ್ದು ಇದರಾಗ ಏನೂ ಕಾಣಂಗಿಲ್ಲ. ನೋವು ಯಾವಾಗ ಬರ್ತೈತಿ?"

"ದಿನಾ ಮುಂಜಾನೆ. ರೊಟ್ಟಿ ಬಡಿಯೂಮುಂದ."

"ರೊಟ್ಟಿ ಬಡಿಯೂದು ಬಿಟ್ಟು ನೋಡ್ರಿ."

"ನಾ ಎಲ್ಲಿ ಬಡೀತೀನ್ರಿ? ನಮ್ಮನಿ ರೊಟ್ಟಿ ಸೊಸಿ ಬಡೀತಾಳ."

"ಮತ್ತ?"

"ಬಾಜೂ ಮನಿಯಾಕಿ ಬಡಿಯೂಮುಂದ. ಗ್ವಾಡಿಯಾಗಿಂದ ಟಪಾ ಟಪಾ ಕೇಳಸ್ತೈತಿ. ಕೇಳಿದ್ದಽ ತಡ, ಲಗೇಚ ನನ್ನ ಬೆನ್ನು ಹಿಡೀತೈತಿ."

ಡಾಕ್ಟರು ಪೆನ್ನು ಕೆಳಗಿಟ್ಟ. ಕನ್ನಡಕ ತೆಗೆದ. "ಆಕಿ ರೊಟ್ಟಿ ಬಡದ್ರ ನಿಮ್ಮ ಬೆನ್ನು ನೋಯ್ತೈತಿ?"

"ಹೌದ್ರಿ." ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಹಿಂದೆ ನಿಂತಿದ್ದ ಇವರಿಗೆ ಕೆಮ್ಮು ಬಂತು.

"ಆಕಿ ಜೋಡಿ ಜಗಳಾ ಐತೇನ್ರಿ?"

"ಜಗಳಾ ಇಲ್ರಿ. ಮಾತಽ ಇಲ್ಲ."

"ಎಷ್ಟು ವರ್ಷ ಆತು?"

"ಏಳು."

"ಬೆನ್ನು ನೋವು ಸುರು ಆಗಿ?"

"ಏಳು..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಈ ಹುಡುಗ ನನ್ನನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತಿದ್ದಾನೆ ಎಂದು ಗೊತ್ತಾಯಿತು.

ಅವನು ಸಮಾಧಾನದಿಂದ ಹೇಳಿದ. ನಿಮ್ಮ ನೋವು ಖರೇ ನೋವು, ನಾಟಕವಲ್ಲ. ಆದರೆ ಸಿಟ್ಟು, ದುಃಖ, ಚಿಂತೆ ಒಳಗೇ ಹಿಡಿದಿಟ್ಟರೆ ಮೈ ಬಿಗಿಯುತ್ತದೆ. ಬಿಗಿದ ಮೈ ನೋಯುತ್ತದೆ. ನೋವಿಗೆ ಅಂಜಿ ಇನ್ನಷ್ಟು ಬಿಗಿ ಹಿಡಿಯುತ್ತೀರಿ, ಅದು ಇನ್ನಷ್ಟು ನೋಯುತ್ತದೆ. "ಗುಳಿಗಿ ಕೊಡ್ತೀನಿ, ವ್ಯಾಯಾಮಾನೂ ಹೇಳ್ತೀನಿ. ಆದ್ರ ಆಜಿ, ಒಂದ್ಸಲ ಆಕಿ ಜೋಡಿ ಮಾತಾಡಿ ನೋಡ್ರಿ."

ನಾನು ದಂಗಾದೆ! ಎಲುಬು ತೋರಿಸಲು ಬಂದರೆ ನೆಗೆಣ್ಣಿಯನ್ನು ಮಾತಾಡಿಸು ಎನ್ನುವ ಡಾಕ್ಟರನ್ನು ನಾನು ಕಂಡಿರಲಿಲ್ಲ. ಇದಕ್ಕೆ ಮಿರಜ ಯಾಕೆ ಬೇಕು, ಬೇಡಕಿಹಾಳದ ಅಗಸಿ ಬಾಗಿಲಲ್ಲಿ ಕುಳಿತ ಮುದುಕರೇ ಹೇಳುತ್ತಿದ್ದರು.

"ನನಗೇನು ಹುಚ್ಚು ಹಿಡದೈತೇನೋ ತಮ್ಮಾ?" ಎಂದು ಎದ್ದೆ. ಎಷ್ಟು ಜೋರಾಗಿ ಎದ್ದೆನೆಂದರೆ ಬೆನ್ನು ಹಿಡಿಯುವುದನ್ನೇ ಮರೆತಿತ್ತು. ಡಾಕ್ಟರು ಅದನ್ನೂ ನೋಡಿದ!

ಊರಿಗೆ ಬಂದು, ಆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ಅವನಷ್ಟು ಶಾಣ್ಯಾ ಡಾಕ್ಟರು ಇನ್ನೊಬ್ಬನಿಲ್ಲ ಎಂದು ಇವರು ಚಾದಂಗಡಿಯಲ್ಲಿ ಹೇಳಿದರು. ಊರು ಇವರನ್ನು ನಂಬಿತು.

ಅಶ್ವಿನಿಗೆ ಚಿಕ್ಕೋಡಿಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಐದನೇ ದಿನಕ್ಕೆ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಎರೆಯುವುದು. ಶೋಭಾ ಮತ್ತೆ, "ಅತ್ತಿ, ಸಾವಕ್ಕತ್ತಿನ್ನ..." ಎಂದಳು. ನಾನು ನೋಡಿದ ನೋಟಕ್ಕೆ ಹಂಡೆಗೆ ನೀರು ತುಂಬಲು ಹೋದಳು.

ಹಂಡೆಯಲ್ಲಿ ನೀರು ಕಾದಿತ್ತು. ಅಶ್ವಿನಿ ಒಳಕೋಣೆಯಲ್ಲಿ ಮಲಗಿದ್ದಳು. ಇವರು ಚಾ ಕುಡಿಯಲು ಹೋಗಿದ್ದರು. ನಾನು ಮಣೆಯ ಮೇಲೆ ಕುಳಿತೆ, ಕಾಲು ಚಾಚಿದೆ. ಬೆನ್ನು ಸುಮ್ಮನಿತ್ತು. ಶೋಭಾ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, ಹಾಲಿನವನು ಕೂಗಿದನೆಂದು ಮುಂಬಾಗಿಲಿಗೆ ಹೋದಳು. ನಾನು ಎಣ್ಣೆ ತಿಕ್ಕಿದೆ. ತಲೆ, ಎದೆ, ಕೈ, ಕಾಲು. ಕೂಸು ಬೆಣ್ಣೆಯ ಮುದ್ದೆಯ ಹಾಗೆ ಜಾರತೊಡಗಿತು. ನೀರಿನ ತಂಬಿಗೆಗೆ ಕೈ ಚಾಚಲು ಬಗ್ಗಿದೆ.

ಟಪ್. ಟಪ್. ಟಪಾ ಟಪಾ.

ಗೋಡೆಯಾಚೆ ಸಾವಕ್ಕ ರೊಟ್ಟಿಗೆ ಕುಳಿತಿದ್ದಳು.

ಹಿಡಿಯಿತು! ಅಂದಿನವರೆಗೆ ಹಿಡಿದದ್ದೆಲ್ಲ ಹಿಡಿದದ್ದೇ ಅಲ್ಲ ಎನ್ನುವ ಹಾಗೆ ಹಿಡಿಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಾಲ ಮೇಲೆ ಎಣ್ಣೆಯ ಕೂಸು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದೆ, ಕೈಗೂ ಎಣ್ಣೆ. ಇಷ್ಟಿಷ್ಟೇ ಜಾರುತ್ತಿತ್ತು. ಕೆಳಗೆ ಕಲ್ಲು ಹಾಸಿದ ಬಚ್ಚಲು. "ಶೋಭಾ!" ಎಂದೆ. ಶೋಭಾ ಹಾಲಿನವನಿಗೆ ನೀರು ಬೆರೆಸಿದ್ದರ ಬಗ್ಗೆ ಬುದ್ಧಿ ಹೇಳುತ್ತಿದ್ದಳು, ಕೇಳಲಿಲ್ಲ. ನನಗೆ ಕೇಳುತ್ತಿದ್ದದ್ದು ಗೋಡೆಯಾಚೆಯ ಸದ್ದು ಒಂದೇ. ನನ್ನ ಕೂಗು ಕೇಳುವಷ್ಟು ಹತ್ತಿರ ಇದ್ದವಳೂ ಅವಳೊಬ್ಬಳೇ.

ಏಳು ವರ್ಷ ಮುಚ್ಚಿದ್ದ ಬಾಯಿ ತೆರೆಯಿತು.

"ಸಾವಕ್ಕಾ! ಕೂಸು!"

ರೊಟ್ಟಿ ನಿಂತಿತು. ಅರೆಕ್ಷಣದಲ್ಲಿ ಹಿತ್ತಲ ಬಾಗಿಲು ದೂಡಿಕೊಂಡು ಹಿಟ್ಟಿನ ಕೈಯಲ್ಲೇ ಬಂದಳು. ಏನು, ಎತ್ತ ಎಂದು ಕೇಳಲಿಲ್ಲ. ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಕೂಸಿನ ಮೈತುಂಬ ಜೋಳದ ಹಿಟ್ಟು ಮೆತ್ತಿತು, ಆದರೆ ಜಾರುವುದು ನಿಂತಿತು. ಓಡಿ ಬಂದ ಶೋಭಾಳ ಕೈಗೆ ಅದನ್ನು ಕೊಟ್ಟು ನನ್ನತ್ತ ತಿರುಗಿದಳು. ನಾನು ಇನ್ನೂ ಖಾಲಿ ಕಾಲುಗಳನ್ನೇ ಒತ್ತಿ ಹಿಡಿದು ಬಗ್ಗಿಯೇ ಕುಳಿತಿದ್ದೆ.

"ಹಿಡದೈತೇನು?"

"ಹೂಂ."

"ಒದೀಲಿ?"

ನಾನು ತಲೆ ಬಗ್ಗಿಸಿದೆ. ಸಾವಕ್ಕ ಸೀರೆ ಎತ್ತಿ ಕಟ್ಟಿದಳು. "ಏಳು ವರ್ಷದಿಂದ ಕಾಯಾಕತ್ತಿದ್ದೆ ನಾ ಈ ದಿನಕ್ಕ!" ಎಂದು ಒದ್ದಳು. ಒಂದು. ಎರಡು. ಮೂರನೆಯದಕ್ಕೆ ನಾನು ಬಚ್ಚಲಿನ ಗೋಡೆಗೆ ಹೋಗಿ ಆತುಕೊಂಡೆ. ಎದ್ದು ನಿಂತೆ. ನೆಟ್ಟಗೆ ನಿಂತೆ! ಬೆನ್ನು ಎಂಬುದೊಂದು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ!

"ನಾಕು ಹೆಚ್ಚಿಗಿ ಒದ್ದಿದ್ರೂ ನಡೀತಿತ್ತು," ಎಂದಳು ಸಾವಕ್ಕ. ಆಮೇಲೆ ದನಿ ಇಳಿಸಿ, "ಅಲ್ಲಬೇ ಗಂಗಾ, ನನ್ನ ಜೋಡಿ ಮಾತು ಯಾಕ ಬಿಟ್ಟಿ? ನಾ ಏನ್ ಮಾಡಿದ್ದೆ?" ಎಂದಳು.

"ಏನ್ ಮಾಡಿದ್ದೆ ಅಂತ ಕೇಳ್ತಿ? ನಿನ್ನ ಮಗಳ ಕೂಸಿಗೆ ಎರಿಯಾಕ ನನ್ನ ಬಿಟ್ಟು ಏಕಸಂಬಿಯಾಕಿನ್ನ ಕರಸಿದ್ದಿ!"

ಸಾವಕ್ಕ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು. "ಕರಸಲಾರದ ಏನ್ ಮಾಡ್ಲಿ? ಅದರ ಹಿಂದಿನ ವಾರನಽ ನಮ್ಮನ್ಯಾಗ ಶ್ಯಾವಿಗಿ ಹೊಸಿಯೂದಿತ್ತು. ಓಣಿ ಹೆಂಗಸರೆಲ್ಲಾ ಬಂದ್ರು, ನೀ ಬರಲಿಲ್ಲ. ಬೆನ್ನು ಹಿಡದೈತಿ, ಕುಂದ್ರಾಕ ಬರಂಗಿಲ್ಲ ಅಂತ ಹೇಳಿ ಕಳಿಸಿದ್ದಿ. ಬೆನ್ನು ಹಿಡದಾಕಿನ್ನ ಕೂಸಿಗೆ ಎರಿ ಅಂತ ಹೆಂಗ ಕರೀಲೆ? ಪಾಪ, ಬ್ಯಾನಿ ತಿನ್ನಾಕತ್ತಾಳಂತ ಬಿಟ್ಟೆ!"

ಇಲ್ಲಿಗೆ, ಓದುವವರು ದಯವಿಟ್ಟು ನನ್ನ ಮೊದಲನೇ ಸಾಲನ್ನು ಹೊಡೆದುಹಾಕಬೇಕು.

ಆ ಶ್ಯಾವಿಗೆಯ ದಿನ ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಬಿಸಿಲು ಬಹಳ ಇತ್ತು, ನಿದ್ದೆ ಬರುತ್ತಿತ್ತು. ಬೆನ್ನು ಹಿಡಿದಿದೆ ಎಂದು ಹೇಳಿ ಕಳಿಸಿ, ಒಳಗೆ ಹೋಗಿ ಸಂಜೆಯ ತನಕ ಮಲಗಿದ್ದೆ. ಆ ಸುಳ್ಳನ್ನು ಸಾವಕ್ಕ ನಂಬಿದಳು. ನಾನು ಮರೆತೆ. ಬೆನ್ನು ಮರೆಯಲಿಲ್ಲ!

ಇದನ್ನು ಅವಳಿಗೆ ಹೇಳಿದೆ. ಹೇಳದೆ ದಾರಿ ಇರಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಂಡೆಯ ಬಳಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, "ಹಂಗಾರ ನಂದೂ ಒಂದು ಕೇಳು. ನಾ ಪಾಯಾಳು ಅಲ್ಲ," ಎಂದಳು.

"ಏನಂದಿ?"

"ತಲಿ ಮುಂದಾಗೇ ಹುಟ್ಟೀನಿ, ಎಲ್ಲಾರ ಹಂಗ. ಲಗ್ನ ಆಗಿ ಬಂದ ಹೊಸದಾಗಿ, ಅತ್ತಿ ಬೆನ್ನು ಹಿಡಿದು ಮಲಗಿದ್ರಲ್ಲಾ, ಅವರನ್ನ ದಾಟೂಮುಂದ ಎಡವಿ ಕಾಲು ತಾಗಿಸಿಬಿಟ್ಟೆ. ಜೋರ ತಾಗಿತ್ತು. ಅತ್ತಿಗೆ ಒದ್ದ ಸೊಸಿ ಅಂತ ತವರಿಗೆ ಅಟ್ತಾರಂತ ಅಂಜಿ, ನಾ ಪಾಯಾಳು, ಬೇಕಂತನಽ ಮುಟ್ಟಿಸೀನಿ ಅಂದೆ. ಅತ್ತಿ ಎದ್ದು ಕುಂತ್ರು! ಆರಾಮಾತು ಅಂದ್ರು! ಊರ ತುಂಬಾ ಸಾರಿದ್ರು! ಇನ್ನೇನ್ ಮಾಡ್ಲಿ, ಐವತ್ತು ವರ್ಷದಿಂದ ಬಂದವರಿಗೆ ಒದಕೋತ ಬಂದೀನಿ."

"ಮತ್ತ ಅಷ್ಟು ಮಂದಿಗೆ ಹೆಂಗ ಗುಣಾ ಆತು?"

"ನನಗೇನ್ ಗೊತ್ತು? ನಿನಗ ಈಗ ಹೆಂಗಾತು?"

ಅದಕ್ಕೆ ಉತ್ತರ ಮಿರಜದ ಆ ಹುಡುಗನ ಬಳಿ ಇತ್ತು. ಆದರೆ ಅವನ ಹತ್ತಿರ ಹೋಗಿ ನೀನು ಹೇಳಿದ್ದು ಖರೆ ಎನ್ನಲು ನನಗೆ ಬಸ್ಸು ಸಿಗಲಿಲ್ಲ. ದಿನಕ್ಕೆ ಎಷ್ಟೋ ಬಸ್ಸು ಇವೆ, ಸಿಗಲಿಲ್ಲ ಅಷ್ಟೇ. ಅವನು ಹೇಳಿದ ವ್ಯಾಯಾಮವನ್ನು ಮಾತ್ರ ಬಾಗಿಲು ಹಾಕಿಕೊಂಡು ಮಾಡುತ್ತೇನೆ.

ಅಂದಿನಿಂದ ಕೂಸಿಗೆ ಇಬ್ಬರೂ ಸೇರಿ ಎರೆದೆವು. ಕಾಲು ನನ್ನದು, ನೀರು ಸಾವಕ್ಕನದು. ನೀರು ಬಿಸಿಯಾಯಿತು ಎಂದು ನಾನು, ಮೂಗು ಸರಿಯಾಗಿ ನೀವಬೇಕು ಎಂದು ಅವಳು. ನೋವು ಪೂರ್ತಿ ಹೋಗಿದೆ ಎಂದರೆ ಅದೂ ಸುಳ್ಳಾಗುತ್ತದೆ. ಆಗೀಗ ಇಣುಕುತ್ತದೆ. ಆದರೆ ಗೋಡೆಯಾಚೆ ರೊಟ್ಟಿ ಬಡಿದರೆ ಈಗ ಬರೀ ಹಸಿವಾಗುತ್ತದೆ.

ಈ ಬೇಸಿಗೆಯಲ್ಲಿ ಸಾವಕ್ಕನ ಮನೆಯಲ್ಲಿ ಮತ್ತೆ ಶ್ಯಾವಿಗೆ ಇತ್ತು. ಅದೇ ಬಿಸಿಲು. ಅದೇ ನಿದ್ದೆ. ಕರೆಯಲು ಬಂದವಳ ಮುಂದೆ, "ಸಾವಕ್ಕಾ, ಇವತ್ತ ಯಾಕೋ ನನ್ನ ಬೆ..." ಎಂದು ಬಾಯಿ ತೆರೆದೆ. ಅವಳು ಸೀರೆ ಎತ್ತಿ ಕಟ್ಟಿ ಬಲಗಾಲು ಮುಂದಿಟ್ಟಳು.

ಸಂಜೆಯ ತನಕ ಮಣೆಯ ಮುಂದೆ ಕುಳಿತು ಶ್ಯಾವಿಗೆ ಹೊಸೆದೆ. ನನ್ನ ಎಳೆ ಹಗ್ಗದಷ್ಟು ದಪ್ಪ ಬಂದಿದೆ ಎಂದು ಸಾವಕ್ಕ ಓಣಿಯ ಹೆಂಗಸರೆಲ್ಲರ ಮುಂದೆ ಎತ್ತಿ ತೋರಿಸಿದಳು. ನಿನ್ನ ರೊಟ್ಟಿಗಿಂತ ಮೆತ್ತಗಿದೆ ಎಂದು ನಾನು ಅಲ್ಲೇ, ಆಗಲೇ ಹೇಳಿದೆ. ಎಲ್ಲರೂ ನಕ್ಕರು. ಕೈ ನೋಯಿತು, ಕಾಲು ಜೋಮು ಹಿಡಿಯಿತು, ಕುತ್ತಿಗೆ ಸೆಟೆಯಿತು. ಬೆನ್ನು ಮಾತ್ರ ನೋಯಲಿಲ್ಲ. ಒಮ್ಮೆಯಾದರೂ ನೋಯಲಿ, ಮನೆಗೆ ಹೋಗಿ ಮಲಗೋಣ ಎಂದು ಎಷ್ಟು ಕಾದೆ, ಹಾಳಾದ್ದು ನೋಯಲೇ ಇಲ್ಲ!